ಅಲ್ಲಾಡದ ಸೌಟು

ಕಲ್ಯಾಣ್ ಪಶ್ಚಿಮ
೧೨ ಫೆಬ್ರವರಿ ೨೦೨೬, ಗುರುವಾರ

ಪ್ರೀತಿಯ ಸುಗುಣಕ್ಕಾ,

ಹೇಗಿದ್ದೀ? ಕಾಲಿನ ಬಾವು ಇಳಿಯಿತಾ? ಭಾವನ ಕೆಮ್ಮು ಕಡಿಮೆಯಾಯಿತಾ? ಮಗಳು ಹಣ ಸುರಿದು ಮಾಡಿಸಿಕೊಟ್ಟ ಕಿವಿಯ ಮೆಷಿನ್ ಹಾಕಿಕೊಳ್ಳುತ್ತಿದ್ದೀಯೋ, ಅಥವಾ ಅದು ಡಬ್ಬದ ಸಮೇತ ಕಪಾಟಿನಲ್ಲಿ ಭದ್ರವಾಗಿದೆಯೋ? ಕಳೆದ ಸಲ ಫೋನಿನಲ್ಲಿ ನಾನು "ಕೇಳುತ್ತಾ?" ಎಂದು ಕೂಗಿದ್ದು ಈ ಏಳನೇ ಮಾಳಿಗೆಯಿಂದ ಕೆಳಗಿನ ವಾಚ್‌ಮನ್‌ಗೂ ಕೇಳಿತು, ನಿನಗೆ ಮಾತ್ರ ಕೇಳಲಿಲ್ಲ. ನೀನು ಹಾಯಾಗಿ "ಹ್ಞಾಂ, ಊಟ ಆಯಿತು" ಎಂದೆ. ಅದಕ್ಕೇ ಈ ಕಾಗದ. ಕಾಗದದಲ್ಲಿ ಇನ್ನೊಂದು ಅನುಕೂಲವೂ ಉಂಟು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗ ಸಂದೇಶನಿಗೂ ಸೊಸೆ ಅಪರ್ಣಾಳಿಗೂ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದರೂ ನನ್ನ ಗುಟ್ಟು ನನ್ನ ಹತ್ತಿರವೇ ಇರುತ್ತದೆ.

ಮೊದಲು ಸಂತೋಷದ ಸುದ್ದಿ. ನನ್ನ ರೈಲು ಪಾಸು ವಾಪಸು ಬಂತು! ಅದನ್ನು ಕಿತ್ತುಕೊಂಡದ್ದೇ ನಿನಗೆ ಗೊತ್ತಿಲ್ಲವಲ್ಲ, ಮೊದಲಿನಿಂದ ಹೇಳುತ್ತೇನೆ. ಇವರು ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಪ್ರತಿ ಮಂಗಳವಾರ, ಶುಕ್ರವಾರ ನಾನು ರೈಲು ಹತ್ತಿ ಠಾಣೆ ಊರಿನ ಕೋಪರಿಗೆ ಹೋಗುವುದು, ಅಲ್ಲಿ ಚೆನ್ನಯಣ್ಣನ ಹೋಟೆಲಿನಲ್ಲಿ ಸಾರಿನ ಪುಡಿ ಹುರಿದು ಕೊಡುವುದು ನಿನಗೆ ಗೊತ್ತೇ ಇದೆ. ಮೂರು ಜನ ಅಡುಗೆಯವರಿದ್ದರೂ ಕೊತ್ತಂಬರಿ ಯಾವಾಗ ಇಳಿಸಬೇಕೆಂದು ಅವರ ಮೂಗಿಗೆ ತಿಳಿಯುವುದಿಲ್ಲ. ರೈಲಿನ ಹೆಂಗಸರ ಡಬ್ಬಿಯಲ್ಲಿ ನನಗೊಂದು ಮೂಲೆ ಸೀಟು ಖಾಯಂ. ಅಕ್ಕಾ, ಉಳಿದ ಐದು ದಿನ ನಾನು ಈ ಮನೆಯ ಅಜ್ಜಿ. ಆ ಎರಡು ದಿನ ನಾನು ವೇದಾವತಿ. ಅಷ್ಟೇ ನನ್ನ ಆಸ್ತಿ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದೆ, ನೆಲ ಸರಕ್ಕನೆ ಒಂದು ಕಡೆ ಹೋಗಿ ಬಂದ ಹಾಗಾಯಿತು. ನೆಲ ಅಲ್ಲಾಡಿತು ಎಂದು ಮನೆಯಲ್ಲಿ ಹೇಳಿದೆ. ಬಿಪಿ ನೋಡಿದರು, ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಇದು ತಲೆಸುತ್ತು ಎಂದರು. ಮನುಷ್ಯ ನೆಟ್ಟಗೆ ನಿಲ್ಲುವುದು ಕಿವಿಯ ಒಳಗಿನ ಯಾವುದೋ ನೀರಿನ ಹತೋಟಿಯಿಂದ, ಆದ್ದರಿಂದ ಕಿವಿಯ ಡಾಕ್ಟರಿಗೆ ತೋರಿಸಿ, ಸುತ್ತು ಬಂದಾಗಲೆಲ್ಲ ತಾರೀಖು, ಗಂಟೆ ಬರೆದಿಡಿ ಎಂದರು. ನಮ್ಮ ಕುಟುಂಬಕ್ಕೆ ಒಬ್ಬಳು ಕಿವಿಯ ಪೇಷೆಂಟು ಸಾಕು ಎಂದು ನಾನು ಆ ಡಾಕ್ಟರ ಕಡೆ ತಲೆ ಹಾಕಲಿಲ್ಲ. ಬರೆದಿಡುವುದನ್ನು ಮಾತ್ರ ತಪ್ಪಿಸಲಿಲ್ಲ, ಪುಡಿಗಳ ಅಳತೆ ಬರೆದ ಪುಸ್ತಕದ ಹಿಂದಿನ ಪುಟದಲ್ಲೇ ಬರೆದೆ. ನವೆಂಬರಿನಲ್ಲಿ ಅಪರ್ಣಾಳ ಎದುರಿಗೇ ಒಮ್ಮೆ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟೆ. ಆ ಸಂಜೆಯೇ ಸಂದೇಶ ನನ್ನ ಪರ್ಸಿನಿಂದ ಪಾಸು ತೆಗೆದು ತನ್ನ ಕಪಾಟಿನಲ್ಲಿಟ್ಟ. "ಅಮ್ಮಾ, ಇನ್ನು ಒಬ್ಬರೇ ಎಲ್ಲಿಗೂ ಹೋಗುವುದು ಬೇಡ. ರೈಲಂತೂ ಬೇಡವೇ ಬೇಡ" ಎಂದ. ಕೂಗಾಡಿದೆ, ಕಣ್ಣೀರಿಟ್ಟೆ, ಎರಡು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಮಗ, ಸೊಸೆ, ಮೊಮ್ಮಗಳು ಮೂವರೂ ತುಟಿ ಪಿಟಕ್ಕೆನ್ನದೆ ಉಂಡು ಎದ್ದರು. ಅದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

ಇಲ್ಲಿ ಸ್ವಲ್ಪ ಭೂಗೋಳ ಕೇಳಬೇಕು ನೀನು, ನಗಬೇಡ. ಮೊಮ್ಮಗಳು ಮಾನ್ಯಾ ಈಗ ಒಂಬತ್ತನೇ ಕ್ಲಾಸು. ಡಿಸೆಂಬರಿನಲ್ಲಿ ಅವಳಿಗೆ ಭೂಕಂಪದ ಮೇಲೆ ಪ್ರಾಜೆಕ್ಟ್ ಕೊಟ್ಟರು. ಮನೆಯಲ್ಲೇ ಕೂರಿಸಿದ್ದರಲ್ಲ, ನಾನೂ ಅವಳ ಜೊತೆ ಥರ್ಮೊಕೋಲ್ ಕತ್ತರಿಸಲು ಕೂತೆ. ಅವಳು ಹಿಂದಿಯಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಕೇಳುವುದು, ನಡುನಡುವೆ ಇಬ್ಬರೂ ಮರಾಠಿಗೆ ಜಾರುವುದು, ಹೀಗೆ ನಮ್ಮ ಪಾಠ. ನಾವು ನಿಂತ ಈ ಭೂಮಿಯ ಚಿಪ್ಪು ಒಂದೇ ತುಂಡಲ್ಲವಂತೆ, ಒಡೆದು ಹತ್ತಾರು ದೊಡ್ಡ ಹಲಗೆಗಳಾಗಿದೆಯಂತೆ. ಕೆಳಗೆ ಇರುವುದೂ ಕಲ್ಲೇ, ಆದರೆ ಕಾದು ಕಾದು ಮೆತ್ತಗಾಗಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹರಿಯುವ ಕಲ್ಲು. ಹಾಲಿನ ಮೇಲಿನ ಕೆನೆಯ ಹಾಗೆ ಹಲಗೆಗಳು ಅದರ ಮೇಲೆ ಸರಿಯುತ್ತವೆ. ನಮ್ಮ ದೇಶದ ಹಲಗೆ ಉತ್ತರಕ್ಕೆ ಹೋಗುತ್ತಾ ಹೋಗುತ್ತಾ ಏಷ್ಯಾಕ್ಕೆ ಗುದ್ದಿತು, ಗುದ್ದಿದಲ್ಲಿ ನೆಲ ಮಡಚಿ ಮೇಲೆದ್ದು ಹಿಮಾಲಯ ಆಯಿತು. ಇನ್ನೂ ನಿಂತಿಲ್ಲ, ವರ್ಷಕ್ಕೆ ಐದು ಸೆಂಟಿಮೀಟರಿನಷ್ಟು ಹೋಗುತ್ತಲೇ ಇದೆ. ನನಗೆ ಅರವತ್ತೆಂಟು ತುಂಬಿತಲ್ಲ, ಮಾನ್ಯಾ ಲೆಕ್ಕ ಹಾಕಿದಳು: ನಾನು ಹುಟ್ಟಿದ ಮೇಲೆ ದೇಶ ಹನ್ನೊಂದು ಅಡಿ ಮುಂದೆ ಹೋಗಿದೆ. ನಮ್ಮ ಅಡುಗೆಮನೆ ಈ ಗೋಡೆಯಿಂದ ಆ ಗೋಡೆಗೆ ಅಷ್ಟೇ ಉದ್ದ.

ಮಲ್ಪೆಯಿಂದ ದೋಣಿಯಲ್ಲಿ ಆ ದ್ವೀಪಕ್ಕೆ ಹೋದದ್ದು ನೆನಪುಂಟಾ ನಿನಗೆ? ಯಾರೋ ಕಡಿದು ನಿಲ್ಲಿಸಿದ ಹಾಗೆ ಸಾಲುಸಾಲು ಕಲ್ಲಿನ ಕಂಬಗಳು. ನೀನು ಒಂದರ ಮೇಲೆ ಮಹಾರಾಣಿಯ ಹಾಗೆ ಕೂತು ನನ್ನ ಪಾಲಿನ ಅವಲಕ್ಕಿಯನ್ನೂ ತಿಂದು ಮುಗಿಸಿದ್ದೆ, ನಾನು ಮರೆತಿಲ್ಲ. ಆ ಕಂಬಗಳು ಬೆಂಕಿಯ ರಸ ಆರಿ ಆದದ್ದಂತೆ ಮಾರಾಯ್ತಿ. ನಮ್ಮ ಕರಾವಳಿಗೂ ಮಡಗಾಸ್ಕರಿಗೂ ಮೊದಲು ನಡುವೆ ಸಮುದ್ರವೇ ಇರಲಿಲ್ಲ, ಒಂದೇ ನೆಲ. ಒಂಬತ್ತು ಕೋಟಿ ವರ್ಷದ ಹತ್ತಿರ ಆಯಿತು, ಅವು ಬೇರೆಯಾದ ಹೊತ್ತಿನ ಗುರುತು ಆ ಕಲ್ಲು. ಮಾನ್ಯಾ ಅದರ ಫೋಟೋ ತೋರಿಸಿದಾಗ ನನಗೆ ನಿನ್ನ ನೆನಪಾಗಿ ಅಳು ಬಂತು. ಒಟ್ಟಿಗೆ ಇದ್ದವರು ಬೇರೆಯಾಗಿ ಇಷ್ಟು ದೂರ ಹೋದೆವಲ್ಲ, ಯಾವಾಗ ಹೋದೆವು ಎಂದು ಗೊತ್ತೂ ಆಗಲಿಲ್ಲ.

ಇಲ್ಲಿಯ ಕಲ್ಲು ಅದಕ್ಕಿಂತ ಈಚಿನದು. ಆರೂವರೆ ಕೋಟಿ ವರ್ಷದ ಹಿಂದೆ ನೆಲ ಸೀಳಿ ಬೆಂಕಿರಸ ಉಕ್ಕಿ ಉಕ್ಕಿ ಹರಿದು, ಪದರದ ಮೇಲೆ ಪದರ ಆರಿ, ಈ ಕಡೆಯ ಸಹ್ಯಾದ್ರಿ ಆದದ್ದು. ಡೊಂಬಿವಲಿ ದಾಟಿದ ಮೇಲೆ ರೈಲಿನಿಂದ ಮುಂಬ್ರಾದ ಗುಡ್ಡ ಕಾಣುತ್ತದೆ, ಮೆಟ್ಟಿಲು ಮೆಟ್ಟಿಲಾಗಿ. ಒಂಬತ್ತು ವರ್ಷ ಅದನ್ನು ನೋಡಿದೆ, ಒಂದೊಂದು ಮೆಟ್ಟಿಲೂ ಒಂದೊಂದು ಸಲ ಹರಿದ ಬೆಂಕಿ ಎಂದು ಯಾರೂ ಹೇಳಿರಲಿಲ್ಲ. ಕೆಲವು ಕಡೆ ಎರಡು ಪದರಗಳ ನಡುವೆ ಕೆಂಪು ಮಣ್ಣಿನ ಗೆರೆ ಇರುತ್ತದಂತೆ. ಒಮ್ಮೆ ಹರಿದು ನಿಂತು ಎಷ್ಟೋ ಸಾವಿರ ವರ್ಷ ಸುಮ್ಮನಿದ್ದಾಗ ಕಲ್ಲು ಸವೆದು ಮಣ್ಣಾಗಿ, ಆಮೇಲೆ ಮತ್ತೆ ಬೆಂಕಿ ಬಂದು ಅದನ್ನು ಸುಟ್ಟ ಗುರುತು. ನಿಮ್ಮ ಕಾರ್ಕಳದ ಬಂಡೆಗೆ ಎಷ್ಟು ವಯಸ್ಸು ಎಂದು ಕೇಳಿದೆ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹೆಚ್ಚಂತೆ. ಕಲ್ಲಿನ ವಿಷಯದಲ್ಲೂ ನೀನೇ ಅಕ್ಕ, ನಾನೇ ತಂಗಿ, ಬಿಡು.

ಇನ್ನು ಪಾಸಿನ ಕಥೆ. ಹಿಮಾಲಯದ ಹತ್ತಿರದ ಆ ಒತ್ತಡ ಹಲಗೆಯ ತುಂಬ ಹರಡಿ, ಹಳೆಯ ಬಿರುಕುಗಳಿದ್ದಲ್ಲಿ ಒಮ್ಮೊಮ್ಮೆ ಜಾರುತ್ತದೆ, ಆಗ ನೆಲ ನಡುಗುತ್ತದೆ. ನಮ್ಮ ಉತ್ತರಕ್ಕೆ ಪಾಲಘರ್ ಕಡೆ ಕೆಲವು ವರ್ಷದಿಂದ ಸಣ್ಣ ಸಣ್ಣ ಕಂಪನ ಆಗುತ್ತಲೇ ಇದೆ ಎಂದು ಮಾನ್ಯಾ ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಪ್ರಾಜೆಕ್ಟಿಗೆಂದು ಅವಳು ನನ್ನ ಉದ್ದ ಹಿಡಿಯ ಸಾರಿನ ಸೌಟಿಗೆ ದಾರ ಕಟ್ಟಿ ಅಡುಗೆಮನೆಯ ಕೊಕ್ಕೆಗೆ ತೂಗುಹಾಕಿದಳು, ತುದಿಗೆ ಸ್ಕೆಚ್ ಪೆನ್, ಕೆಳಗೆ ಕಾಗದ. ನೆಲ ಅಲ್ಲಾಡಿದರೆ ಪೆನ್ನು ಗೆರೆ ಎಳೆಯಬೇಕು. ಪ್ರಾಜೆಕ್ಟ್ ಮುಗಿದರೂ ನಾನು ಅದನ್ನು ಬಿಚ್ಚಲು ಬಿಡಲಿಲ್ಲ. ಜನವರಿಯ ಒಂದು ಭಾನುವಾರ ಸಂಜೆ ನಾಲ್ಕಕ್ಕೆ ಅಪರ್ಣಾ ಚಹಾ ಸೋಸುತ್ತಿದ್ದಳು, ನಾನು ಬಸಳೆ ಬಿಡಿಸುತ್ತಿದ್ದೆ. ನನಗೆ ನೆಲ ಜಾರಿತು. ನಾನು ಬಾಯಿ ಬಿಡುವ ಮೊದಲೇ ಅವಳು "ಅತ್ತೇ, ಸೌಟು!" ಎಂದು ಕಿರುಚಿದಳು. ಸೌಟು ಗಡಿಯಾರದ ಲೋಲಕದ ಹಾಗೆ ತೂಗುತ್ತಿತ್ತು, ಕಾಗದದ ಮೇಲೆ ಕೆಂಪು ಗೀಚು. ಪಾಲಘರ್ ಕಡೆ ಕಂಪನ ಎಂದು ಐದು ನಿಮಿಷದಲ್ಲಿ ನಮ್ಮ ಬಿಲ್ಡಿಂಗಿನ ವಾಟ್ಸಾಪ್ ತುಂಬ ಅದೇ ಸುದ್ದಿ.

ನಾನು ಬಿಡುತ್ತೇನಾ? ಪುಸ್ತಕ ತೆಗೆದುಕೊಂಡು ಮಾನ್ಯಾಳ ಜೊತೆ ಕೋಣೆಯ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತೆ. ನಾನು ತಾರೀಖು ಗಂಟೆ ಓದುವುದು, ಅವಳು ಮೊಬೈಲಿನಲ್ಲಿ ಭೂಕಂಪಗಳ ಪಟ್ಟಿ ನೋಡುವುದು. ಆಮೇಲೆ ಅವಳು ಹೊರಗೆ ಬಂದು ವಕೀಲಳ ಹಾಗೆ ನಿಂತು ಅಪ್ಪನಿಗೆ ಓದಿ ಹೇಳಿದಳು: ಅಕ್ಟೋಬರಿನಲ್ಲಿ ಒಂದು, ಡಿಸೆಂಬರಿನಲ್ಲಿ ಒಂದು, ಈ ಹೊತ್ತಿನದು ಒಂದು. ಮೂರಕ್ಕೆ ಮೂರೂ ನಿಮಿಷದ ಸಮೇತ ಹೊಂದಿದವು. "ಅಜ್ಜೀ ಸಹೀ ಥೀ, ಪಪ್ಪಾ" ಎಂದಳು, ಅಜ್ಜಿ ಹೇಳಿದ್ದೇ ಸರಿ ಅಂತ. ಸಂದೇಶನ ಮುಖ ನೀನು ನೋಡಬೇಕಿತ್ತು. ಎದ್ದು ಕಪಾಟಿನಿಂದ ಹಳೆ ಪಾಸಿನ ಕವರ್ ತೆಗೆದ. ಮುಂದಿನ ವಾರ ಸ್ಟೇಷನ್ನಿನಲ್ಲಿ ತಾನೇ ಸಾಲಿನಲ್ಲಿ ನಿಂತು ಏಪ್ರಿಲ್ ಕೊನೆಯವರೆಗೆ ಹೊಸದು ಮಾಡಿಸಿ ತಂದ. "ಸಾರಿ ಅಮ್ಮಾ, ನೀವು ಹೇಳಿದ್ದನ್ನು ನಾನು ನಂಬಲಿಲ್ಲ" ಎಂದ. ಅಪರ್ಣಾ ಅಕ್ಕಪಕ್ಕದವರಿಗೆಲ್ಲ ನಮ್ಮತ್ತೆಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ ಎಂದು ಹೇಳಿಕೊಂಡು ಬಂದಳು. ಹೆಮ್ಮೆಯಿಂದ ನನಗೂ ಒಂದು ಹಿಡಿ ಮಾಂಸ ಹೆಚ್ಚಿತು, ಸುಳ್ಳು ಯಾಕೆ ಹೇಳಲಿ.

ಈಗ ಮತ್ತೆ ಕೋಪರಿಗೆ ಹೋಗುತ್ತಿದ್ದೇನೆ. ಮೊದಲ ದಿನ ಚೆನ್ನಯಣ್ಣ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು, "ಎಂತ ವೇದಕ್ಕ, ನೀವಿಲ್ಲದೆ ಗಿರಾಕಿಗಳು ಸಾರು ಮುಟ್ಟುವುದಿಲ್ಲ" ಎಂದರು. ಮಾನ್ಯಾಳ ಪ್ರೀತಿಯನ್ನಂತೂ ಏನು ಹೇಳಲಿ. ಅವಳ ಶಾಲೆ ಮಧ್ಯಾಹ್ನದ್ದು. ಮೊದಲೆಲ್ಲ ನಾನು ಹತ್ತು ಸಲ ಫೋನ್ ಮಾಡಿದರೂ ಎತ್ತದ ಹುಡುಗಿ, ಈಗ ನಾನು ಹೊರಟ ದಿನ ರಿಕ್ಷಾ ಸ್ಟ್ಯಾಂಡಿನ ತನಕ ಬಂದು ಬಿಡುತ್ತಾಳೆ. ಆಮೇಲೆ ತಾನಾಗಿ ಫೋನ್ ಮಾಡುತ್ತಲೇ ಇರುತ್ತಾಳೆ: ರೈಲು ಹತ್ತಿದಿರಾ, ಕೂತಿರಾ, ಡೊಂಬಿವಲಿ ದಾಟಿತಾ, ಠಾಣೆಯಲ್ಲಿ ಇಳಿದಿರಾ. ಡಬ್ಬಿಯ ಹೆಂಗಸರೆಲ್ಲ ನಗುತ್ತಾರೆ.

ಮೋಹನದಾಸ ಭಾವನಿಗೆ ನನ್ನ ನಮಸ್ಕಾರ ಹೇಳು, ಬಿಸಿನೀರೇ ಕುಡಿಯಲಿ. ಮಗಳಿಗೂ ಅಳಿಯನಿಗೂ ಆಶೀರ್ವಾದ. ಕಳೆದ ವರ್ಷ ನೀನು ಕಳಿಸಿದ ಉಪ್ಪಿನಕಾಯಿಯ ಜಾಡಿ ತಳ ಕಂಡು ತಿಂಗಳಾಯಿತು, ಇದನ್ನು ಓದಿ ನಿನಗೇ ಅರ್ಥವಾಗಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ
ವೇದಾ

ತಾ.ಕ.: ಅಕ್ಕಾ, ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಭಾವನಿಗೆ ಈ ಭಾಗ ಹೇಳಬೇಡ. ನನ್ನ ಪುಸ್ತಕದಲ್ಲಿದ್ದದ್ದು ಮೂರಲ್ಲ, ಹನ್ನೊಂದು. ಉಳಿದ ಎಂಟು ಯಾವ ಪಟ್ಟಿಯಲ್ಲೂ ಇಲ್ಲ. ಆ ದಿನ ಬಾಗಿಲು ಹಾಕಿಕೊಂಡು ನೋಡಿದಾಗಲೇ ಮಾನ್ಯಾ "ಅಜ್ಜೀ, ಬಾಕೀ ಕೇ ಆಠ್?" ಎಂದು ಕೇಳಿದಳು. ನಾನು ಅವಳ ಕೈ ಹಿಡಿದು, ಸುಮ್ಮನಿರು ಮಗಾ ಎಂದೆ. ಅವಳು ನನ್ನ ಮುಖ ನೋಡಿ, ಹೊರಗೆ ಹೋಗಿ ಮೂರನ್ನೇ ಓದಿದಳು. ಈಗಲೂ ಅಡುಗೆಮನೆಯಲ್ಲಿ ನನಗೆ ನೆಲ ಜಾರುತ್ತದೆ. ಕಟ್ಟೆ ಹಿಡಿದುಕೊಂಡು ಸೌಟನ್ನೇ ನೋಡುತ್ತೇನೆ. ಅದು ಅಲ್ಲಾಡುವುದಿಲ್ಲ. ಮೊನ್ನೆ ಮಂಗಳವಾರ ಕಲ್ಯಾಣ್ ಸ್ಟೇಷನ್ನಿನಲ್ಲಿ ರೈಲು ಒಳಗೆ ಬರುತ್ತಿದ್ದಾಗ ಪ್ಲಾಟ್‌ಫಾರಮ್ಮೇ ವಾಲಿತು. "ಆಜೀ, ಸಾಂಭಾಳೂನ್!" ಎಂದು ಯಾರೋ ಹೆಂಗಸು ತೋಳು ಹಿಡಿದು ಎಳೆದಳು. ನನ್ನ ಒಂದು ಚಪ್ಪಲಿ ಹಳಿಯ ಮೇಲೆ ಬಿತ್ತು. ಅದೇ ಹೊತ್ತಿಗೆ ಮಾನ್ಯಾಳ ಫೋನು, "ಬೈಠ್ ಗಯೀ ನಾ, ಅಜ್ಜೀ?" ಹೌದು, ಕೂತೆ ಎಂದೆ. ಅವಳು ಉಸಿರು ಬಿಟ್ಟದ್ದು ನನಗೆ ಫೋನಿನಲ್ಲಿ ಕೇಳಿತು. ಅಕ್ಕಾ, ಅದು ಪ್ರೀತಿಯೊಂದೇ ಅಲ್ಲ, ಹೆದರಿಕೆ. ನನ್ನ ಪಾಸಿಗೋಸ್ಕರ ಹದಿನಾಲ್ಕು ವರ್ಷದ ಮಗು ಮೂರು ವಾರದಿಂದ ಹೆದರಿಕೊಂಡು ಓಡಾಡುತ್ತಿದೆ.

ಸಂದೇಶನಿಗೆ ನಾನೇ ಹೇಳಬೇಕು, ನಾಲಿಗೆ ಏಳುವುದಿಲ್ಲ. ನೀನು ಫೋನ್ ಮಾಡಿ ಹೇಳು. ಮೆಷಿನ್ ತೆಗೆದಿಟ್ಟೇ ಮಾಡು, ಅವನು ಏನು ಕೂಗಿದರೂ ನಿನಗೆ ಕೇಳದಿರಲಿ. ಮಾನ್ಯಾಳನ್ನು ಬೈಯಬಾರದು ಎಂದು ಮೊದಲು ಹೇಳು. ಆಮೇಲೆ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಾ, ಇಬ್ಬರೂ ಒಟ್ಟಿಗೆ ಕಿವಿಯ ಡಾಕ್ಟರ ಹತ್ತಿರ ಹೋಗುವ. ಆ ಎಂಟರ ಪುಟವನ್ನು ಹರಿದು ಇದರೊಳಗೆ ಇಟ್ಟಿದ್ದೇನೆ, ಮಂಗಳವಾರದ್ದನ್ನೂ ಕೆಳಗೆ ಸೇರಿಸಿದ್ದೇನೆ, ಡಾಕ್ಟರಿಗೆ ಬೇಕಾಗುತ್ತದೆ. ನಾಳೆ ಶುಕ್ರವಾರ. ಬೆಳಿಗ್ಗೆ ಎದ್ದರೆ ನಾನು ಹೊರಟೇಬಿಡುತ್ತೇನೆ, ನನ್ನ ಗುಣ ನಿನಗೆ ಗೊತ್ತು. ಅದಕ್ಕೇ ಪಾಸನ್ನೂ ಇದರೊಳಗೇ ಹಾಕಿದ್ದೇನೆ. ಏಪ್ರಿಲ್ ಕೊನೆಯವರೆಗೆ ಇದೆ, ಬರುವಾಗ ಮರೆಯದೆ ತಾ.