ಮುದ್ದೆ ಬಿಟ್ಟ ಬಾಣಂತಿಯ ವರದಿ

ಅವ್ವಾ,

ಲೋಕಕ್ಕೆಲ್ಲ ಈ ಮೂಲಕ ತಿಳಿಸುವುದೇನೆಂದರೆ, ಬಿಡದಿಯ ಫ್ಯಾಕ್ಟರಿಯವರು ಕೊಟ್ಟ ನನ್ನ ಯೂನಿಫಾರ್ಮ್ ಪ್ಯಾಂಟಿನ ಗುಂಡಿಯು ಹೆರಿಗೆಯಾದ ಮೇಲೆ ಕಾಜಾವನ್ನು ಮುಟ್ಟಲು ಖಡಾಖಂಡಿತವಾಗಿ ನಿರಾಕರಿಸಿದೆ. ನೀನು ತೀರಿಕೊಂಡು ಎರಡು ವರ್ಷವಾದ್ದರಿಂದ ನಿನಗೆ ಸುದ್ದಿ ಮುಟ್ಟಿರಲಾರದು.

ರಜೆ ಮುಗಿಯುವುದರೊಳಗೆ ಸಣ್ಣಗಾಗಲೇಬೇಕೆಂದು ಅತ್ತೆ ಕೊಟ್ಟ ಮುದ್ದೆಯನ್ನು ಕದ್ದು ಹಿತ್ತಲ ನಾಯಿಗೆ ಹಾಕತೊಡಗಿದೆ. ನಾಯಿ ದುಂಡಗಾಯಿತು. ಹೋದ ತಿಂಗಳು ಅಂಗನವಾಡಿಯ ತಕ್ಕಡಿಯಲ್ಲಿ ನನ್ನ ಮಗಳು ಮಾತ್ರ ಒಂದು ಗ್ರಾಮೂ ಏರಿರಲಿಲ್ಲ. ಟೀಚರ್ ಪುಟ್ಟಗೌರಮ್ಮ ಬಿಡಲಿಲ್ಲ.

"ಏನವ್ವಾ, ಹಾಲೇನು ನಲ್ಲೀಲಿ ಬತ್ತದಾ? ಹೊಟ್ಟೆ ತುಂಬ ಉಣ್ಣು, ನೀರು ಕುಡಿ, ಸಂಜೆ ಒಸಿ ನಡಿ. ಒಂಬತ್ತು ತಿಂಗ್ಳು ಕೂಡ್ಕಂಡಿದ್ದು ಒಂದೇ ತಿಂಗ್ಳಿಗೆ ಕರಗ್ಬುಡ್ತದಾ?"

ಉಂಡೆ, ನಡೆದೆ. ಇವತ್ತು ಮತ್ತೆ ತೂಗಿದರು. ಮಗಳು ಏಳುನೂರು ಗ್ರಾಂ ಏರಿದ್ದಾಳೆ, ನಾನು ಒಂದೂವರೆ ಕೆಜಿ ಇಳಿದಿದ್ದೇನೆ! ತಕ್ಕಡಿಯ ಜೋಳಿಗೆಯಲ್ಲಿ ಕಾಲು ಒದೆಯುತ್ತಿದ್ದ ಅವಳ ಆ ಕೆನ್ನೆ, ಆ ತೊಡೆಯ ಮಡಿಕೆ, ಎಲ್ಲವೂ ನಾನು ಉಂಡ ರಾಗಿಯೇ. ಅವಳನ್ನು ಎತ್ತಿಕೊಂಡು ಆ ಮಡಿಕೆಗೇ ಒಂದು ಮುತ್ತು ಕೊಟ್ಟೆ.

ನನ್ನನ್ನು ಹೆತ್ತ ಮೂರನೇ ತಿಂಗಳಿಗೇ ನೀನು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯಲು ಹೋಗುತ್ತಾ, ನಡುವೆ ಓಡಿಬಂದು ಹಾಲೂಡಿಸುತ್ತಿದ್ದೆಯಂತೆ. ದೊಡ್ಡವಳಾದ ಮೇಲೆ ನಾನು ನಿನ್ನ ಹೊಟ್ಟೆಗೆ ಗುಡಾಣ ಎಂದು ಹೆಸರಿಟ್ಟಿದ್ದೆ. ನೀನು ಸೆರಗು ಸರಿಮಾಡಿಕೊಂಡು ನಗುತ್ತಿದ್ದೆ.

ಅಕ್ಕನ ಬಾಣಂತನದಲ್ಲಿ ಮಾಡುತ್ತಿದ್ದ ಸಾರಿಗೆ ಬೆಳ್ಳುಳ್ಳಿಯನ್ನು ಸುಟ್ಟು ಹಾಕುತ್ತಿದ್ದೆಯೋ, ಹುರಿದು ಹಾಕುತ್ತಿದ್ದೆಯೋ? ಅದೊಂದನ್ನು ಹೇಳಿಬಿಡು.