ತಲೆಗೇರದ ಬಿಯರ್

ಮಾಕ್ಸಿ, ವಾಷಿಂಗ್ಟನ್ ರಾಜ್ಯ
ಅಕ್ಟೋಬರ್ ೪, ಭಾನುವಾರ

ಪ್ರೀತಿಯ ತಮ್ಮ ರೆನೆ,

ಹೇಗಿದ್ದೀಯೋ? ಬಲೆಯ ಹಗ್ಗ ಕೊಯ್ದ ಆ ಅಂಗೈ ಗಾಯ ಮಾಯಿತೇ? ಅಲಾಸ್ಕದ ಕಡಲಿನಲ್ಲಿ ಈಗಲೇ ಹಲ್ಲು ಕಟಕಟಿಸುವ ಚಳಿಯಂತೆ. ನಾನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲಾ ಅದನ್ನೂ ಇಸ್ಪೀಟಿನಲ್ಲಿ ಸೋತೆಯಾ? ನಿಮ್ಮ ದೋಣಿ ಬಂದರಿಗೆ ಬಂದಾಗಷ್ಟೇ ನಿನಗೆ ಕಾಗದ ಸಿಗುವುದು ಅಂತ ಗೊತ್ತು. ಆದರೂ ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ ಮಾರಾಯ! ನಾನು ಬಿಯರ್ ಮಾಡಿದೆ. ಹೌದು, ನಾನೇ, ಹಾಲು ಕಾಯಿಸಲು ಇಟ್ಟರೂ ಉಕ್ಕಿಸಿ ಚೆಲ್ಲುವ ನಿನ್ನ ಅಕ್ಕ ಕೊಲೆಟ್. ನಗಬೇಡ, ಮುಂದೆ ಓದು.

ಏಪ್ರಿಲ್‌ನಲ್ಲಿ ಅಪ್ಪನಿಗೆ ಎದೆನೋವು ಬಂದಮೇಲೆ ಮನೆ ಹೇಗಿತ್ತು ಅನ್ನುವುದನ್ನು ನಿನಗೆ ಪೂರ್ತಿ ಬರೆದಿರಲಿಲ್ಲ. ಅಷ್ಟು ದೂರ ಕೂತು ಕೊರಗುತ್ತೀಯೆಂದು ಸುಮ್ಮನಿದ್ದೆ. ಡಾಕ್ಟರಮ್ಮ ಬಿಡಲು ಹೇಳಿದ್ದು ಬಿಯರನ್ನು ಮಾತ್ರ, ಅಪ್ಪ ಎಲ್ಲವನ್ನೂ ಬಿಟ್ಟುಬಿಟ್ಟರು. ಅವರು ಬಿಯರ್ ಮಾಡುತ್ತಿದ್ದ ಗ್ಯಾರೇಜಿಗೆ ಬೀಗ ಬಿತ್ತು. ಶನಿವಾರದ ಇಸ್ಪೀಟಿಗೆ ಪಕ್ಕದ ತೋಟದ ಎಸ್ತೇಬಾನ್ ಬಂದರೆ, "ಮಲಗಿದಾರೆ ಅಂತ ಹೇಳಿ ಕಳಿಸು" ಅನ್ನುವರು. ಆರಿಸಿದ ಟಿವಿಯ ಮುಂದೆ ಸುಮ್ಮನೆ ಕೂತಿರುವುದು, ಏನು ಕೇಳಿದರೂ "ಹೂಂ". ಅವರ ಎದೆಗಿಂತ ಆ "ಹೂಂ" ನನಗೆ ಹೆಚ್ಚು ಭಯ ಹುಟ್ಟಿಸಿತ್ತು. ಹೀಗೇ ಬಿಟ್ಟರೆ ಆ ಕುರ್ಚಿಯಲ್ಲೇ ಮುಗಿದುಹೋಗುತ್ತಾರೆ ಅನ್ನಿಸಿತ್ತು ಕಣೋ.

ಆಗಸ್ಟ್‌ನಲ್ಲಿ ಡಾಕ್ಟರಮ್ಮನ ಮುಂದೆ ಅಳುವುದೊಂದು ಬಾಕಿ. ಅವರು ಯೋಚಿಸಿ, ಆ ತಲೆ ತಿರುಗಿಸುವ ಗಾಢ ಬಿಯರ್ ಬೇಡವೇ ಬೇಡ, ತೀರ ತೆಳುವಾದದ್ದು ಶನಿವಾರಕ್ಕೊಂದು ಲೋಟ ಆಗಬಹುದು ಅಂದರು. ಸಂಜೆಯೆಲ್ಲ ಕೂತು ಕುಡಿದರೂ ತಲೆಗೇರದಂಥ, ಆದರೆ ಮೂಗಿನ ತುಂಬ ಹಾಪ್ಸ್ ಹೂವು ಘಮಘಮಿಸುವ ಬಿಯರ್ ಒಂದಿದೆಯಲ್ಲ, ಸೆಷನ್ ಏಲ್, ಅದನ್ನೇ ಮಾಡಿಬಿಡೋಣ ಅಂತ ಹೊರಟೆ. ಮೊಳಕೆ ಬಾರ್ಲಿ ತಂದೆ, ಒಣ ಹಾಪ್ಸ್ ತಂದೆ, ಅಮ್ಮ ಪೀಚ್ ಹಣ್ಣು ಬೇಯಿಸುತ್ತಿದ್ದ ದೊಡ್ಡ ಪಾತ್ರೆ ಇಳಿಸಿದೆ. ಹೆಚ್ಚು ಕುದಿಸಿದಷ್ಟೂ ಹೆಚ್ಚು ಪರಿಮಳ ಅಂದುಕೊಂಡು ಹಾಪ್ಸನ್ನೆಲ್ಲ ಮೊದಲೇ ಸುರಿದು ಒಂದು ಗಂಟೆ ಕುದಿಸಿದೆ ನೋಡು!

ಎರಡು ವಾರದ ನಂತರ ಮೊದಲ ಗುಟುಕಿನ ಕಹಿಗೇ ನನ್ನ ಮುಖ ಕಿವುಚಿಹೋಯಿತು. ಆದರೂ ಭಂಡಧೈರ್ಯದಿಂದ ಅಪ್ಪನ ಮುಂದೆ ಒಂದು ಲೋಟ ಇಟ್ಟೆ. ಅವರು ಮೂಸಿದರು, ತುಟಿಗಿಟ್ಟರು, ಕೆಳಗಿಟ್ಟರು. ನಾನು "ಹೂಂ"ಗೆ ಕಾದಿದ್ದೆ. "ಇದೇನೇ ಇದು, ಬಿಯರ್ರೋ ಜ್ವರದ ಕಷಾಯಾನೋ? ಎಲ್ಲಾ ಹಾಪ್ಸೂ ಒಂದೇ ಸಲ ಸುರಿದು ಕುದಿಸಿದ್ಯಾ? ಹಾಪ್ಸ್ ಬೆಳೆಯೋ ಊರಲ್ಲಿ ಹುಟ್ಟಿ ಮಾನ ಕಳೆದ್ಯಲ್ಲೇ!" ಅಂತ ಗುಡುಗಿದರು. ಅಯ್ಯೋ ರೆನೆ, ಅಷ್ಟು ಸೊಗಸಾದ ಬೈಗುಳವನ್ನು ನಾನು ಕೇಳಿಯೇ ಇರಲಿಲ್ಲ! ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಂಡು ಅತ್ತೆ, ನಕ್ಕೆ. ಹೊರಗೆ ಅವರ ಪಾಠ ನಡೆದೇ ಇತ್ತು: "ಗಾಢ ಬಿಯರಲ್ಲಿ ತಪ್ಪು ಮುಚ್ಚಿಹೋಗತ್ತೆ, ತೆಳು ಬಿಯರಲ್ಲಿ ಎಲ್ಲಾ ಬಯಲು! ಕುದಿಯೋವಾಗ ಒಂದು ಚಿಟಿಕೆ, ಉಳಿದಿದ್ದೆಲ್ಲಾ ಒಲೆ ಆರಿಸಿದ ಮೇಲೆ. ಬಾರ್ಲಿ ನೆನೆಯೋ ನೀರು ಇನ್ನೂ ಬಿಸಿ ಇರ್ಬೇಕು, ಆಗ ರುಚಿ ಬಾಯ್ತುಂಬಾ ನಿಲ್ಲತ್ತೆ. ಕೇಳಿಸ್ತಿದ್ಯೇನೇ?" ಕೇಳಿಸುತ್ತಿತ್ತು, ಚೆನ್ನಾಗಿ ಕೇಳಿಸುತ್ತಿತ್ತು.

ಸೆಪ್ಟೆಂಬರ್‌ನಲ್ಲಿ ಹಾಪ್ಸ್ ಕೊಯ್ಲು ಶುರುವಾದಾಗ ಎಸ್ತೇಬಾನ್‌ಗೆ ಫೋನ್ ಮಾಡಿದ್ದು ನಾನಲ್ಲ, ಅಪ್ಪ. ಎಸ್ತೇಬಾನ್ ತನ್ನ ತೋಟದ ಬಳ್ಳಿಯಿಂದ ಆಗಷ್ಟೇ ಉದುರಿಸಿದ ಹಸಿ ಹೂವನ್ನು ಮೂಟೆ ಕಟ್ಟಿ ಓಡೋಡಿ ತಂದ. ಅಪ್ಪನೇ ಗ್ಯಾರೇಜಿನ ಬೀಗ ತೆಗೆದರು. ಸ್ಟೂಲಿನ ಮೇಲೆ ಕೂತು, ಸೌಟು ಎತ್ತಿಹಿಡಿದು, "ಈಗ ಹಾಕು! ಬಾಯಿ ಬಿಟ್ಕೊಂಡು ಏನ್ ನೋಡ್ತಿದ್ಯಾ, ಹಾಕೇ!" ಅಂತ ಕೂಗಾಡಿದರು. ಒಲೆ ಆರಿಸಿ ಬೊಗಸೆ ಬೊಗಸೆ ಹಾಕಿದೆವು. ಕಿತ್ತಳೆ ಸಿಪ್ಪೆ, ಆಗತಾನೆ ಕತ್ತರಿಸಿದ ಹುಲ್ಲು ಎರಡೂ ಸೇರಿದ ಘಮಲು ಬೀದಿಗೆಲ್ಲ ಹಬ್ಬಿತು. ಹೂವು ಸಿಕ್ಕಿ ಪಾತ್ರೆಯ ನಲ್ಲಿ ಕಟ್ಟಿಕೊಂಡಾಗ ಅಪ್ಪ ಸ್ಟೂಲು ಬಿಟ್ಟೆದ್ದು, ಸೌಟಿನ ಹಿಡಿಯಿಂದ ತಿವಿಯುತ್ತ, ಅಜ್ಜಿ ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುವಂಥ ಫ್ರೆಂಚ್ ಬೈಗುಳಗಳನ್ನೆಲ್ಲ ಉದುರಿಸಿದರು.

ನಿನ್ನೆ ಸಂಜೆ ಬಾಟಲಿ ತೆಗೆದೆವು. ಇದೂ ಕೆಟ್ಟಿದ್ದರೆ ಅಪ್ಪ ಮತ್ತೆ ಬೀಗ ಹಾಕಿ ಕುರ್ಚಿಗೆ ಹೋಗಿಬಿಡುತ್ತಾರೆ ಅನ್ನುವ ದಿಗಿಲು ನನಗೆ. ಎಸ್ತೇಬಾನ್ ಲೋಟ ಹಿಡಿದು, "ಅರ್ಮಾಂಡ್, ನನಗೂ ಆಸ್ಪತ್ರೆ ಬಿಯರ್ ಕುಡಿಸ್ತೀಯಾ?" ಅಂತ ಅಪ್ಪನನ್ನು ಛೇಡಿಸಿದ. ಒಂದು ಗುಟುಕು ಕುಡಿದ. ಲೋಟ ಪೂರ್ತಿ ಖಾಲಿ ಮಾಡಿ ಮುಂದೆ ಚಾಚಿದ. "ಇನ್ನೊಂದು ಹಾಕಮ್ಮ. ನಿಜವಾಗ್ಲೂ ಇದ್ರಲ್ಲಿ ನಶೆ ಕಡಿಮೆನಾ? ಸುಳ್ಳು ಹೇಳ್ಬೇಡಿ!" ಅಪ್ಪನ ಮುಖ ನೀನು ನೋಡಬೇಕಿತ್ತು! ತಮ್ಮ ಒಂದೇ ಲೋಟವನ್ನು ಇಡೀ ಸಂಜೆ ಚಪ್ಪರಿಸುತ್ತ, ಇಸ್ಪೀಟಿನಲ್ಲಿ ಮೋಸ ಮಾಡುತ್ತ, ಸಿಕ್ಕಿಬಿದ್ದು ಜಗಳವಾಡುತ್ತ ಕೂತಿದ್ದರು. ನನಗೆ ಎಷ್ಟು ಸಂತೋಷವಾಯಿತೆಂದು ಹೇಗೆ ಬರೆಯಲಿ.

ಎಸ್ತೇಬಾನ್ ನಿನ್ನನ್ನು ಕೇಳಿದ. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಹೊತ್ತುಹೊತ್ತಿಗೆ ಉಣ್ಣು, ಹಗ್ಗದ ಹತ್ತಿರ ಹುಷಾರು. ದೇವರು ನಿನ್ನನ್ನೂ ಆ ದೋಣಿಯನ್ನೂ ಕಾಪಾಡಲಿ.

ಇಂತು ನಿನ್ನ ಅಕ್ಕ,
ಕೊಲೆಟ್

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಅಪ್ಪನಿಗೆ ಇದನ್ನು ಓದಿ ಹೇಳಿದೆ. ಕ್ರಿಸ್‌ಮಸ್‌ಗೆ ನೀನು ಬರುವಾಗ ಕೊಡಲು ನಾಲ್ಕು ಬಾಟಲಿ ತೆಗೆದಿಡುತ್ತೇನೆ ಅಂದದ್ದಕ್ಕೆ ಮತ್ತೆ ಬೈಗುಳ. "ಗಾಢ ಬಿಯರ್ ಆದ್ರೆ ವರ್ಷಗಟ್ಟಲೆ ಕಾಯತ್ತೆ ಕಣೇ. ಇದು ಕಾಯಲ್ಲ. ಇನ್ನೊಂದು ತಿಂಗಳು ಘಮಘಮ, ಆಮೇಲೆ ಬರೀ ನೀರು." ಆಮೇಲೆ ಪೆನ್ನನ್ನು ನನ್ನ ಕಡೆ ತಳ್ಳಿದರು. "ಅವನಿಗೆ ಬರೆ, ಕ್ರಿಸ್‌ಮಸ್‌ವರೆಗೂ ಬೇಡ, ಮೀನಿನ ಕೆಲಸ ಮುಗಿದ ಕೂಡಲೇ ಬರಲಿ. ನಾನು ಕರೆದೆ ಅಂತ ಬರೆ" ಅಂದರು. ರೆನೆ, ಅಪ್ಪ ಯಾರನ್ನಾದರೂ ಬಾ ಅಂತ ಕರೆದದ್ದನ್ನು ನೀನು ಕೇಳಿದ್ದೀಯಾ? ನಾನು ಕೇಳಿಲ್ಲ. ಬೇಗ ಬಾರೋ.