ಹುಂಡಿಗೆ ಹೋದ ಗಾಜು

ಯಡ್ತರೆ, ಬೈಂದೂರು
೩–೧೧–೨೦೧೧, ಗುರುವಾರ

ಪ್ರೀತಿಯ ತಮ್ಮ ರವಿಚಂದ್ರನಿಗೆ ಅಕ್ಕನ ಆಶೀರ್ವಾದ.

ನಿನ್ನ ಸೊಂಟನೋವು ಹೇಗಿದೆ? ಹೋಟೆಲಿನ ಗಲ್ಲೆಯ ಮೇಲೆ ಇಡೀ ದಿನ ಕೂತರೆ ಇನ್ನೇನಾಗುತ್ತದೆ, ನಡುನಡುವೆ ಎದ್ದು ನಾಲ್ಕು ಹೆಜ್ಜೆ ನಡೆ. ಪದ್ದುವಿನ ಕೆಮ್ಮು ಕಡಿಮೆಯಾಯಿತೋ? ಕಟ್ಟಿಕೊಂಡವನು ನೀನು, ನೀನೇ ಕೇಳಬೇಕು. ಮುಂಬೈಯ ನೀರು ಕಾಯಿಸಿಯೇ ಕುಡಿಯಿರಿ. ಈ ಕಾಗದ ಕಂಡು ಹೆದರಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಆಗಿದೆ, ಆದರೆ ಆಸ್ಪತ್ರೆಯಲ್ಲಿ ಮಲಗುವಂಥದ್ದಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು "ಅಕ್ಕಾ, ಬೇಗ ಹೇಳ್, ಗಲ್ಲೆ ಮುಂದೆ ಜನ ನಿಂತಿದ್ರ್" ಎನ್ನುತ್ತಿ. ನನಗೆ ಬೇಗ ಹೇಳಲು ಬರುವುದಿಲ್ಲ, ಅಳು ಬರುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ಸರಿ ಮಾಡಿ ಓದಿಕೋ. ಯಾವಾಗಲೂ ಮಗಳು ಅನಿಷಾ ತಿದ್ದಿಕೊಡುತ್ತಿದ್ದಳು. ಈ ಸಲ ಅವಳ ಹತ್ತಿರ ಕೇಳುವ ಮುಖ ನನಗಿಲ್ಲ.

ನೀನು ಚೌತಿಗೆ ಬಂದಾಗ ಸೊಸೆ ಅನಿಷಾಗೆ ಆ ಗಾಜು ತಂದುಕೊಟ್ಟೆಯಲ್ಲ, ನಿನ್ನ ಹಳೇ ಕ್ಯಾಮೆರಾದ ಮೂತಿಗೆ ತಿರುಪಿ ಹಾಕುವ, ಸಣ್ಣ ಹುಳವನ್ನೂ ದೊಡ್ಡದಾಗಿ ತೋರಿಸುವ, ಅಂಚಿನಲ್ಲಿ ಪ್ಲಸ್ ಹತ್ತು ಎಂದು ಬರೆದದ್ದು, ಅದರದ್ದೇ ವಿಷಯ. "ದೊಡ್ಡ ಲೆನ್ಸಿನ ದುಡ್ಡಲ್ಲಿ ಒಂದ್ ಎಮ್ಮೆ ಬತ್ತ್, ನಿಂಗೆ ಇದ್ ಸಾಕ್ ಹೆಣ್ಣೆ" ಎಂದು ನೀನು ನಗಾಡಿದ್ದು ನೆನಪಿದೆಯಾ? ಸಾಕು ಎಂದರೆ ಏನು ಸಾಕು ರವಿ, ಆ ಹುಡುಗಿಗೆ ಆಮೇಲೆ ಬೇರೆ ಲೋಕವೇ ಬೇಡವಾಯಿತು. ಬಿಸಿಲು ಬಿದ್ದರೆ ಹುಳ ಹಾರುತ್ತವಂತೆ, ಆದ್ದರಿಂದ ಬೆಳಕು ಹರಿಯುವಾಗಲೇ ಹಿತ್ತಲಿಗೆ. ಹುಳಕ್ಕೂ ಗಾಜಿಗೂ ನಡುವೆ ನಾಲ್ಕು ಬೆರಳಿನ ಜಾಗ, ಅದಕ್ಕಿಂತ ಒಂದು ಕೂದಲು ಹಿಂದೆ ಮುಂದೆ ಆದರೆ ಎಲ್ಲ ಮಂಜು. ಕ್ಯಾಮೆರಾ ತಿರುಗಿಸುವುದಲ್ಲ, ತಾನೇ ಕೊಕ್ಕರೆಯ ಹಾಗೆ ಹಿಂದೆ ಮುಂದೆ ಓಲಾಡುವುದು. ಫ್ಲ್ಯಾಷ್ ಕಣ್ಣಿಗೆ ಹೊಡೆಯಬಾರದೆಂದು ಅದಕ್ಕೆ ಹಾಲಿನ ಪ್ಯಾಕೆಟಿನ ತುಂಡು ಕಟ್ಟಿದ್ದಳು. ಗಾಳಿಗೆ ಎಲೆ ಅಲ್ಲಾಡದ ಹಾಗೆ ಕೊಡೆ ಅಡ್ಡ ಹಿಡಿಯುವುದು ನನ್ನ ಕೆಲಸ. "ಅಮ್ಮಾ, ಉಸ್ರ್ ಬಿಡ್ಬೇಡ" ಎನ್ನುತ್ತಿದ್ದಳು. ನಾನು ಕಣಜ ಕಚ್ಚೀತು, ಹಾವಿದ್ದೀತು, ಮುಳ್ಳು ಕಣ್ಣಿಗೆ ತಾಗೀತು ಎಂದು ಒಳಗೊಳಗೇ ಬೇಯುತ್ತ ಉಸಿರು ಹಿಡಿದು ನಿಲ್ಲುತ್ತಿದ್ದೆ. ಒಂದು ದಿನ ತೋರಿಸಿದಳು, ಕಟ್ಟಿರುವೆ ಕಾಲೆತ್ತಿ ಮುಖ ಒರೆಸಿಕೊಳ್ಳುತ್ತಿತ್ತು. ಐವತ್ತು ವರ್ಷ ಅದನ್ನು ಪೊರಕೆಯಲ್ಲಿ ಗುಡಿಸಿದವಳು ನಾನು, ಅದಕ್ಕೊಂದು ಮುಖವಿದೆ ಎಂದು ಗೊತ್ತೇ ಇರಲಿಲ್ಲ.

ಡಿಸೆಂಬರ್ ಮೊದಲ ವಾರ ಕುಂದಾಪುರದಲ್ಲಿ ಕಾಲೇಜು ಮಕ್ಕಳ ಫೋಟೋ ಪ್ರದರ್ಶನ ಇದೆ. ಒಬ್ಬೊಬ್ಬರು ಹತ್ತು ಚಿತ್ರ ಇಡಬೇಕು. ಇವಳದ್ದು ಏಳಾಗಿತ್ತು. ಉಳಿದ ಮೂರಕ್ಕಾಗಿ ಹೋದ ತಿಂಗಳು ಒಂದು ಬೆಳಿಗ್ಗೆ ನನಗೆ ಹೇಳದೆ ನಮ್ಮ ಕುಟುಂಬದ ನಾಗಬನದೊಳಗೆ ಹೋದಳು. ಅಲ್ಲಿ ಯಾರೂ ಒಣಗಿದ ಕಡ್ಡಿಯನ್ನೂ ಮುರಿಯುವುದಿಲ್ಲವಲ್ಲ, ಹಾಗಾಗಿ ಹುಳಗಳಿಗೆ ಅದೇ ತವರುಮನೆ. ಸಂಜೆಯೊಳಗೆ ಅವಳ ಕುತ್ತಿಗೆ, ಕೈ ಎಲ್ಲ ಕೆಂಪು ಬೊಕ್ಕೆ ಎದ್ದು, ಒಂದು ಕಣ್ಣು ಮುಚ್ಚಿಹೋಯಿತು. ಇವರು ಅಂಗಡಿಯಿಂದ ಬಂದಿರಲಿಲ್ಲ. ಬೆಳಿಗ್ಗೆ ಅವಳು ಬನಕ್ಕೆ ಹೋದದ್ದನ್ನು ಕಂಡಿದ್ದ ಆಚೆಮನೆ ಚಂದ್ರಮತಿ ಬಂದವಳು ನೋಡಿ, "ಬನದೊಳ್ಗೆ ಕ್ಯಾಮೆರಾ ಹಿಡ್ಕಂಡ್ ಹೋಪುದಾ? ನಾಗ ಸುಮ್ನೆ ಬಿಡ್ತಾ? ತಪ್ಪ್ ಕಾಣಿಕೆ ಹಾಕ್ ಉಮಾವತಿ. ದುಡ್ಡಲ್ಲ, ಎಂತದ್ರಿಂದ ತಪ್ಪಾಯ್ತೋ ಅದ್ನೇ ಹಾಕ್" ಎಂದಳು. ಅವಳ ಮೇಲೆ ತಪ್ಪು ಹೊರಿಸುವುದಿಲ್ಲ. ಅವಳು ಹೇಳಿದ್ದು ಬಾಯಲ್ಲಿ, ಮಾಡಿದ್ದು ನನ್ನ ಕೈ.

ಮಾರನೇ ದಿನ ಮಧ್ಯಾಹ್ನ ಹುಡುಗಿ ಜ್ವರದ ಗುಳಿಗೆ ನುಂಗಿ ಮಲಗಿದ್ದಾಗ ಕ್ಯಾಮೆರಾ ಸೆರಗಿನಲ್ಲಿ ಮುಚ್ಚಿಕೊಂಡು ದೇವಸ್ಥಾನಕ್ಕೆ ಹೋದೆ. ಅದು ಹುಂಡಿಯ ಬಾಯಿಯಲ್ಲಿ ಹಿಡಿಯುವುದಿಲ್ಲ. ಎಡಕ್ಕೆ ತಿರುಗಿಸಿದೆ, ಗಾಜು ಬಿಟ್ಟುಬಂತು. ಓರೆ ಮಾಡಿ ತುರುಕಿದೆ, ಅದೂ ಅರ್ಧದಲ್ಲಿ ಸಿಕ್ಕಿಕೊಂಡಿತು. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು ರವಿ, ದೇವರೇ ಬೇಡವೆಂದ ಹಾಗಲ್ಲವಾ? ನಾನು ಹೆಬ್ಬೆರಳಿನಿಂದ ಒತ್ತಿದೆ. ಒಳಗೆ ಚಿಲ್ಲರೆಯ ಮೇಲೆ ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಒಡೆದಿದೆಯೋ ಇಲ್ಲವೋ ಅದೂ ತಿಳಿಯದು. ಕ್ಯಾಮೆರಾ ಮಾತ್ರ ವಾಪಸು ತಂದು ಇದ್ದಲ್ಲೇ ಇಟ್ಟೆ.

ಅದೇ ಸಂಜೆ ಇವರು ಅವಳನ್ನು ಬೈಂದೂರಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು, ನಾನೂ ಜೊತೆಗಿದ್ದೆ. ಯಾವುದಾದರೂ ಹುಳ ಮುಟ್ಟಿದ್ದೀಯಾ ಎಂದು ಡಾಕ್ಟರರು ಕೇಳಿದ್ದಕ್ಕೆ ಇವಳು ಕ್ಯಾಮೆರಾ ತೆಗೆದು ಒಂದೊಂದೇ ಚಿತ್ರ ತೋರಿಸಿದಳು, ಮೂತಿಯಲ್ಲಿ ಗಾಜಿಲ್ಲದ್ದು ಆ ಜ್ವರದಲ್ಲಿ ಅವಳ ಗಮನಕ್ಕೆ ಬರಲಿಲ್ಲ. ಒಂದು ಚಿತ್ರದಲ್ಲಿ ನಮ್ಮ ನುಗ್ಗೆ ಮರದ ಕಂಬಳಿಹುಳ, ಅದರ ಮೈಯ ಒಂದೊಂದು ಕೂದಲೂ ಸೂಜಿಯ ಹಾಗೆ ಎಣಿಸಬಹುದು. ನಾನು ನಡುವೆ ಬಾಯಿ ಹಾಕಿ ನಾಗನ ಮಾತೆತ್ತಿದೆ. "ನಾಗ ಅಲ್ಲ ಮಾರಾಯ್ರೆ, ಇದರ ಕೂದಲು ಚುಚ್ಚಿದ್ದು" ಎಂದು ಅವರು ನಕ್ಕರು. ಚಿತ್ರದ ಮೂಲೆಯಲ್ಲಿ ತಾರೀಕು ಇತ್ತು. ಅವಳು ಬನಕ್ಕೆ ಹೋದದ್ದಕ್ಕಿಂತ ಹಿಂದಿನ ದಿನದ್ದು. ಆ ಚಿತ್ರ ತೆಗೆಯುವಾಗ ಕೊಂಬೆ ಬಗ್ಗಿಸಿ ಹಿಡಿದವಳು ನಾನೇ. ಕೂದಲು ಅವಳ ಮೈಮೇಲೆ ಉದುರಿದ್ದು ನಾನು ಅಲ್ಲಾಡಿಸಿದ್ದಕ್ಕೇ ಇರಬೇಕು, ಯಾರಿಗೆ ಗೊತ್ತು. ಮುಲಾಮು ಹಚ್ಚಿ ಮೂರು ದಿನದಲ್ಲಿ ಬೊಕ್ಕೆ ಇಳಿಯಿತು.

ನಾಲ್ಕನೇ ದಿನ ಅವಳು ಗಾಜು ಹುಡುಕಿದಳು. ಪೆಟ್ಟಿಗೆ, ಪುಸ್ತಕದ ಚೀಲ, ಅಕ್ಕಿಡಬ್ಬಿಯ ಹಿಂದೆ. ನಾನೂ ಅವಳ ಜೊತೆ ಹುಡುಕಿದೆ. ನೋಡು ಎಂಥ ತಾಯಿ. ಹಾಸಿಗೆ ಕೊಡವಿ ಕೊಡವಿ ಹುಡುಕಿ, ಕಡೆಗೆ ತಡೆಯಲಾಗದೆ ಹೇಳಿಬಿಟ್ಟೆ. ಅವಳು ಕಿರುಚಲಿಲ್ಲ. "ಒಂದ್ ಮಾತ್ ನನ್ ಕೇಂಬುಕಾಗ್ದಾ ಅಮ್ಮಾ?" ಎಂದಳು, ಅಷ್ಟೇ. ಮಾವನಿಗೆ ಹೇಳಿ ಇನ್ನೊಂದು ತರಿಸೋಣ ಎಂದೆ. "ಬಂದ್ರೆ ಅದನ್ನೂ ಹಾಕ್ತಿ ಅಲ್ದಾ ನೀನ್?" ಎಂದಳು. ಕ್ಯಾಮೆರಾ ಕಪಾಟಿನ ಮೇಲಿಟ್ಟಳು. ಅಂದಿನಿಂದ ಊಟಕ್ಕೆ ಕರೆದರೆ ಬರುತ್ತಾಳೆ, ಕೇಳಿದ್ದಕ್ಕೆ ಹೂಂ ಎನ್ನುತ್ತಾಳೆ. ನಿಂಬೆಗಿಡದಲ್ಲಿ ಅವಳು ಮೊಟ್ಟೆಯಿಂದಲೇ ಕಾಯುತ್ತಿದ್ದ ಚಿಟ್ಟೆಯ ಗೂಡು ನಿನ್ನೆ ಒಡೆಯಿತು. ನಾನು ಓಡಿಹೋಗಿ ಕರೆದೆ. ಬರಲಿಲ್ಲ. ನಾನೊಬ್ಬಳೇ ಕೊಡೆ ಹಿಡಿದು ನಿಂತೆ, ಯಾತಕ್ಕೆ ಹಿಡಿದೆನೋ. ಅದು ರೆಕ್ಕೆ ಒಣಗಿಸಿಕೊಂಡು ಹಾರಿಹೋಯಿತು.

ಆದ್ದರಿಂದ ಹೊಸತು ಕಳಿಸಬೇಡ. ಅದೇ ಗಾಜನ್ನು ನಾನೇ ತಂದು ಅವಳ ಕೈಗೆ ಕೊಡಬೇಕು, ಇಲ್ಲದಿದ್ದರೆ ಅವಳಿಗೆ ನನ್ನ ಮೇಲೆ ಇನ್ನು ನಂಬಿಕೆ ಬರುವುದಿಲ್ಲ. ಮೊನ್ನೆ ಧೈರ್ಯ ಮಾಡಿ ಹುಂಡಿಯ ಬೀಗದಕೈ ಇಟ್ಟುಕೊಳ್ಳುವ ಅಣ್ಣಯ್ಯ ಶೆಟ್ಟರ ಮನೆ ಬಾಗಿಲಿಗೆ ಹೋದೆ. "ದೇವ್ರಿಗ್ ಹಾಕದ್ದನ್ ವಾಪಾಸ್ ಕೇಂಬ್ರಾ? ನಾಳೆ ಒಡ್ದ್ ಕಾಯಿನೂ ಅಂಟ್ಸಿ ಕೊಡಿ ಅಂಬ್ರಿ ನೀವ್" ಎಂದು ಜಗಲಿಯಲ್ಲಿದ್ದವರೆಲ್ಲ ನಗುವ ಹಾಗೆ ಹೇಳಿದರು. ಸೆರಗಿನಿಂದ ಮುಖ ಒರೆಸಿಕೊಂಡು ಬಂದೆ. ಇನ್ನೇನು ಮಾಡಲಿ ಹೇಳು.

ನಿನ್ನ ಆರೋಗ್ಯ ನೋಡಿಕೋ. ಪದ್ದುವಿಗೆ ನನ್ನ ನೆನಪು ಹೇಳು. ನಮ್ಮ ಕುಲದ ನಾಗ ನಿಮ್ಮನ್ನು ತಂಪಾಗಿ ಇಟ್ಟಿರಲಿ. ನನ್ನನ್ನು ಏನು ಮಾಡುತ್ತಾನೋ ಮಾಡಲಿ.

ಇಂತಿ ನಿನ್ನ ಅಕ್ಕ,
ಉಮಾವತಿ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು. ಇದನ್ನು ಬರೆಯಬೇಕೋ ಬೇಡವೋ ಎಂದು ಬಿಟ್ಟಿದ್ದೆ. ಮೊನ್ನೆ ನಾನು ಅಣ್ಣಯ್ಯ ಶೆಟ್ಟರ ಮನೆ ಗೇಟು ದಾಟುವಾಗ ಅವರೇ ಹಿಂದೆ ಬಂದು ಮೆಲ್ಲಗೆ ಹೇಳಿದರು, "ನಿಮ್ದಲ್ದ ವಸ್ತು ಆರೆ ಬೇರೆ ಮಾತ್. ಮತ್ತೊಬ್ರದ್ದನ್ ಹಾಕ್ರೆ ಅದ್ ಕಾಣಿಕೆ ಆತ್ತಿಲ್ಲೆ. ವಸ್ತಿನವ್ರ್ ಕಾಗದ ಬರ್ದ್ರೆ ಕಾಂಬ." ಹದಿನೇಳಕ್ಕೆ ಸಂಕ್ರಮಣ, ಮಾರನೇ ದಿನ ಹುಂಡಿ ತೆರೆಯುತ್ತಾರೆ. ಆ ಗಾಜು ಸೊಸೆಗೆ ಕೊಟ್ಟದ್ದಲ್ಲ, ಬರುವ ಚೌತಿಯವರೆಗೆ ಇಟ್ಟುಕೊಳ್ಳಲು ಕೊಟ್ಟದ್ದು, ಅದು ನಿನ್ನದೇ ಎಂದು ಅವರಿಗೆ ಎರಡು ಸಾಲು ಬರೆ, ವಸ್ತುವಿನ ಯಜಮಾನನೇ ಬರೆದರೆ ವಾಪಸು ಕೊಟ್ಟಾರು. ನಾನು ಹೇಳಿಕೊಟ್ಟೆ ಎಂದು ಬರೆಯಬೇಡ. ಅನಿಷಾಗೂ ಹೇಳಬೇಡ. ಸುಳ್ಳಿನ ತಪ್ಪಿಗೆ ನಾನು ಬೇರೆ ಕಾಣಿಕೆ ಹಾಕುತ್ತೇನೆ, ಈ ಸಲ ನನ್ನದೇ ವಸ್ತು. ಕಿವಿಯ ಬೆಂಡೋಲೆ ಇದೆ. ಅದು ಒತ್ತದೆಯೇ ಒಳಗೆ ಹೋಗುತ್ತದೆ.